ಮುಚ್ಚಿದ ಲೇಬಲ್ಲು: ಹಳೆಯ ರಿದಮ್ ಅಂಡ್ ಬ್ಲೂಸ್ ಮತ್ತು ಸೋಲ್ ತಟ್ಟೆಗಳ ಹಂಚಿಕೆಯಲ್ಲಿ ಹೆಸರಿನ ಪ್ರಶ್ನೆ

ಧ್ವನಿಮುದ್ರಿತ ಸಂಗೀತದ ಚರಿತ್ರೆಯನ್ನು ಇದುವರೆಗೆ ಬಹುಮಟ್ಟಿಗೆ ಎರಡು ನೆಲೆಗಳಿಂದ ಬರೆಯಲಾಗಿದೆ. ಒಂದು ಕಂಪನಿಗಳ ನೆಲೆ, ಇನ್ನೊಂದು ಗಾಯಕರ ನೆಲೆ. ತಟ್ಟೆಯನ್ನು ಹುಡುಕಿ ಕೊಂಡು, ಜೋಪಾನವಾಗಿಟ್ಟು, ಹತ್ತು ಜನರಿಗೆ ಕೇಳಿಸಿದವರು ಈ ಚರಿತ್ರೆಗಳಲ್ಲಿ ಅಡಿಟಿಪ್ಪಣಿಯ ಪಾತ್ರಗಳಾಗಿಯೇ ಉಳಿದಿದ್ದಾರೆ. ಅಮೆರಿಕದ ಕಪ್ಪುಜನರ ರಿದಮ್ ಅಂಡ್ ಬ್ಲೂಸ್, ಸೋಲ್ ಹಾಗೂ ಅವುಗಳ ನೆರೆಯಲ್ಲೇ ಬೆಳೆದ ರಾಕ್ ಅಂಡ್ ರೋಲ್ ಪ್ರಕಾರಗಳ ಮಟ್ಟಿಗೆ ಈ ಕ್ರಮ ಸಾಲದು. ಇಂದು ಈ ಪ್ರಕಾರಗಳ ಶ್ರೇಷ್ಠ ಕೃತಿಗಳೆಂದು ಎಣಿಸಲಾಗುವ ಹಲವು ಹಾಡುಗಳು ಬಿಡುಗಡೆಯಾದ ವರ್ಷದಲ್ಲಿ ಯಾರ ಗಮನಕ್ಕೂ ಬಾರದೆ ಹೋದವು. ಕಂಪನಿ ಕೈಬಿಟ್ಟ, ರೇಡಿಯೊ ಮರೆತ, ಅಂಗಡಿಯ ಮೂಲೆ ಸೇರಿದ ಆ ತಟ್ಟೆಗಳನ್ನು ಹಲವು ವರ್ಷಗಳ ಬಳಿಕ ಬೇರೊಂದು ದೇಶದ ಕೇಳುಗರು ಕೈಯಿಂದ ಕೈಗೆ ದಾಟಿಸಿದ್ದರಿಂದಲೇ ಅವು ಉಳಿದುಬಂದವು. ಹೀಗಾಗಿ ಈ ಪ್ರಕಾರಗಳಲ್ಲಿ ಹಂಚಿಕೆಯೆಂಬುದು ಪ್ರಸಾರದ ಮಾರ್ಗವಾಗಿದ್ದಂತೆಯೇ ಆಯ್ಕೆಯ, ಅಂದರೆ ವಿಮರ್ಶೆಯ, ಮಾರ್ಗವೂ ಆಗಿತ್ತು.

ಈ ಹಂಚಿಕೆಯನ್ನು ಕುರಿತ ಬರಹಗಳಲ್ಲಿ ಔದಾರ್ಯದ ಮಾತು ಹೇರಳವಾಗಿದೆ. ಮರೆತುಹೋದವರಿಗೆ ಮರುಜನ್ಮ ಕೊಟ್ಟ ಕಥೆಯಾಗಿ ಅದನ್ನು ನಿರೂಪಿಸುವುದು ರೂಢಿ. ಆದರೆ ಇದೇ ಚರಿತ್ರೆಯ ಉದ್ದಕ್ಕೂ ಇನ್ನೊಂದು ವಾಡಿಕೆ ಎಡೆಬಿಡದೆ ಕಾಣಿಸಿಕೊಳ್ಳುತ್ತದೆ. ತಟ್ಟೆಯನ್ನು ಕೇಳಿಸುವವನು ಹಾಡಿದವರ ಹೆಸರನ್ನು ಮರೆಮಾಡುವುದು, ಇಲ್ಲವೆ ಅದರ ಪಕ್ಕದಲ್ಲಿ ತನ್ನದನ್ನು ಸೇರಿಸಿಕೊಳ್ಳುವುದು, ಅದೂ ಅಲ್ಲದಿದ್ದರೆ ಸುಳ್ಳು ಹೆಸರೊಂದನ್ನು ಅಂಟಿಸುವುದು. ಧ್ವನಿಯನ್ನು ಹಂಚಿ ಹೆಸರನ್ನು ಬಚ್ಚಿಡುವ ಈ ಇಬ್ಬಗೆಯನ್ನು ಬದಿಗಿಟ್ಟು ಹಳೆಯ ತಟ್ಟೆಗಳ ಹಂಚಿಕೆಯ ಮೌಲ್ಯವನ್ನು ನಿರ್ಣಯಿಸುವುದು ಸಾಧ್ಯವಿಲ್ಲ. ಇದರಲ್ಲಿ ಪಣಕ್ಕೊಡ್ಡಿದ್ದು ಕೀರ್ತಿಯಷ್ಟೇ ಆಗಿರಲಿಲ್ಲ, ಹಾಡಿದವರ ಅನ್ನವೂ ಆಗಿತ್ತು.

ಮೊದಲಿಗೆ ಲೇಬಲ್ಲನ್ನೇ ಒಂದು ಪಠ್ಯವಾಗಿ ಓದಬಹುದು. ಆರ್‌ಸಿಎ ವಿಕ್ಟರ್ ಕಂಪನಿ 1949ರಲ್ಲಿ ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಅಂಗುಲದ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಬಿಲ್‌ಬೋರ್ಡ್ ಪತ್ರಿಕೆ ಕಪ್ಪುಜನರ ತಟ್ಟೆಗಳ ಮಾರಾಟದ ಪಟ್ಟಿಗಿದ್ದ 'ರೇಸ್ ರೆಕಾರ್ಡ್ಸ್' ಎಂಬ ಜನಾಂಗಸೂಚಕ ಹೆಸರನ್ನು ಕೈಬಿಟ್ಟು 'ರಿದಮ್ ಅಂಡ್ ಬ್ಲೂಸ್' ಎಂಬ ಹೆಸರನ್ನು ಅಂಗೀಕರಿಸಿತು. ಆಗ ಆ ಪತ್ರಿಕೆಯಲ್ಲಿದ್ದ, ಮುಂದೆ ಅಟ್ಲಾಂಟಿಕ್ ರೆಕಾರ್ಡ್ಸ್ ಸಂಸ್ಥೆಯ ಪಾಲುದಾರನಾದ ಜೆರ್ರಿ ವೆಕ್ಸ್ಲರ್ ಈ ಹೆಸರಿನ ಕರ್ತೃ. 1969ರಲ್ಲಿ ಅದೇ ಪಟ್ಟಿಗೆ 'ಸೋಲ್' ಎಂಬ ಹೆಸರು ಬಂತು. ಪುಟ್ಟ ತಟ್ಟೆಯ ನಡುವೆ ಅಂಟಿರುವ ಬಣ್ಣದ ವೃತ್ತದಲ್ಲಿ ಕಂಪನಿಯ ಹೆಸರು ದೊಡ್ಡದಾಗಿ, ಹಾಡಿನ ಶೀರ್ಷಿಕೆ ಅದಕ್ಕಿಂತ ಚಿಕ್ಕದಾಗಿ, ಗಾಯಕರ ಹೆಸರು ಅದರ ಕೆಳಗೆ, ರಚನಕಾರರ ಹೆಸರು ಕಂಸದೊಳಗೆ ಎಲ್ಲಕ್ಕಿಂತ ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಹಣದ ದೃಷ್ಟಿಯಿಂದ ಈ ಕಂಸದೊಳಗಿನ ಸಾಲೇ ದೊಡ್ಡದು. ಹಾಡನ್ನು ಬೇರೆ ಯಾರೇ ಮರಳಿ ಹಾಡಿದರೂ ಗೌರವಧನ ಸೇರುವುದು ಆ ಸಾಲಿನಲ್ಲಿ ಹೆಸರಿರುವವರಿಗೆ, ಮೊದಲು ಹಾಡಿದವರಿಗಲ್ಲ. ಹಾಡು ಮುಗಿದ ಬಳಿಕ ಲೇಬಲ್ಲಿಗೂ ಗೆರೆಗಳಿಗೂ ನಡುವೆ ಉಳಿಯುವ ನುಣುಪು ಪಟ್ಟಿಯಲ್ಲಿ ಅಚ್ಚಿನ ಸಂಖ್ಯೆಯನ್ನು ಕೊರೆದಿರುತ್ತಾರೆ. ಲೇಬಲ್ಲು ಕಿತ್ತುಹೋದರೂ ಇದು ಉಳಿಯುತ್ತದೆ. ಅಸಲಿ ತಟ್ಟೆಯನ್ನು ನಕಲಿಯಿಂದ ಬೇರ್ಪಡಿಸಲು ಸಂಗ್ರಾಹಕರು ಇಂದಿಗೂ ಮೊದಲು ನೋಡುವುದು ಈ ಸಂಖ್ಯೆಯನ್ನೇ.

ಭಾರತದ ಆರಂಭಕಾಲದ ಗ್ರಾಮಫೋನ್ ತಟ್ಟೆಗಳ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1902ರಲ್ಲಿ ಕಲ್ಕತ್ತದಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಘೋಷಿಸುತ್ತಿದ್ದಳು. ತಟ್ಟೆಗಳನ್ನು ಅಚ್ಚುಹಾಕುತ್ತಿದ್ದ ಜರ್ಮನಿಯ ಹ್ಯಾನೋವರ್ ನಗರದ ಕೆಲಸಗಾರರು ಸರಿಯಾದ ಲೇಬಲ್ಲನ್ನು ಅಂಟಿಸಲೆಂದು ಮಾಡಿದ ಏರ್ಪಾಡು ಇದು. ಕಾರಣ ತಾಂತ್ರಿಕವಾದರೂ ಪರಿಣಾಮ ತಾಂತ್ರಿಕವಾಗಿ ಉಳಿಯಲಿಲ್ಲ. ಲೇಬಲ್ಲು ಅಳಿದರೂ ಧ್ವನಿಯೊಳಗೇ ಹೆಸರು ಕೂತಿತ್ತು. ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡ ಆ ಗಾಯಕಿಗೆ ದೊರೆತ ಈ ಆಕಸ್ಮಿಕ ರಕ್ಷೆ ಅಮೆರಿಕದ ರಿದಮ್ ಅಂಡ್ ಬ್ಲೂಸ್ ಗಾಯಕರಿಗೆ ದೊರೆಯಲಿಲ್ಲ. ಅವರ ಹೆಸರಿಗೆ ಇದ್ದ ಆಧಾರ ಕಾಗದದ ವೃತ್ತವೊಂದೇ.

ಆ ಕಾಗದದ ಮೇಲೆ ಮೊದಲು ಕೈಯಿಟ್ಟವರು ಕೇಳಿಸುವವರಲ್ಲಿಯೇ ಅತ್ಯಂತ ಪ್ರಸಿದ್ಧರು. ಕ್ಲೀವ್‌ಲ್ಯಾಂಡ್ ನಗರದ ತಟ್ಟೆಯಂಗಡಿಯ ಮಾಲೀಕ ಲಿಯೊ ಮಿಂಟ್ಸ್ ತನ್ನ ಅಂಗಡಿಗೆ ಬರುವ ಬಿಳಿಯ ಹುಡುಗ ಹುಡುಗಿಯರು ಕಪ್ಪುಜನರ ತಟ್ಟೆಗಳನ್ನು ಕೊಳ್ಳುತ್ತಿರುವುದನ್ನು ಗಮನಿಸಿದ. ಅವನ ಪ್ರೇರಣೆಯಿಂದ 1951ರಲ್ಲಿ ಅಲನ್ ಫ್ರೀಡ್ ಡಬ್ಲ್ಯುಜೆಡಬ್ಲ್ಯು ಕೇಂದ್ರದಿಂದ ರಾತ್ರಿಯ ಹೊತ್ತು ಅಂಥ ತಟ್ಟೆಗಳನ್ನು ಪ್ರಸಾರ ಮಾಡತೊಡಗಿದ. 1954ರಲ್ಲಿ ನ್ಯೂಯಾರ್ಕಿಗೆ ಹೋದ ಮೇಲೆ 'ರಾಕ್ ಅಂಡ್ ರೋಲ್' ಎಂಬ ಮಾತನ್ನು, ಕಪ್ಪುಜನರಲ್ಲಿ ಮೊದಲೇ ಬಳಕೆಯಲ್ಲಿದ್ದ ಮಾತದು, ಇಡೀ ದೇಶಕ್ಕೆ ಪರಿಚಯಿಸಿದ ಖ್ಯಾತಿ ಅವನದು. ಬಿಳಿಯ ಗಾಯಕರು ಮರುಹಾಡಿದ ಸೌಮ್ಯ ಆವೃತ್ತಿಗಳ ಬದಲು ಕಪ್ಪು ಗಾಯಕರ ಮೂಲ ತಟ್ಟೆಗಳನ್ನೇ ಕೇಳಿಸಬೇಕೆಂದು ಅವನು ಪಟ್ಟುಹಿಡಿದದ್ದು ಆ ಕಾಲದ ಅಮೆರಿಕದಲ್ಲಿ ಸಣ್ಣ ಸಂಗತಿಯಲ್ಲ.

ಆದರೆ 1955ರಲ್ಲಿ ಷಿಕಾಗೊದ ಚೆಸ್ ಕಂಪನಿ ಚಕ್ ಬೆರಿಯ ಮೊದಲ ತಟ್ಟೆಯಾದ 'ಮೇಬಲೀನ್' ಅನ್ನು ಹೊರತಂದಾಗ ರಚನಕಾರರ ಸಾಲಿನಲ್ಲಿ ಬೆರಿಯ ಜೊತೆಗೆ ಇನ್ನಿಬ್ಬರಿದ್ದರು. ಒಬ್ಬ ರಸ್ ಫ್ರಾಟೊ, ಇನ್ನೊಬ್ಬ ಅಲನ್ ಫ್ರೀಡ್. ಇಬ್ಬರಿಗೂ ಹಾಡಿನ ರಚನೆಯೊಡನೆ ಸಂಬಂಧವಿರಲಿಲ್ಲ. ಫ್ರೀಡ್ ಆ ತಟ್ಟೆಯನ್ನು ಮತ್ತೆ ಮತ್ತೆ ಪ್ರಸಾರ ಮಾಡಿದ, ಹಾಡು ಗೆದ್ದಿತು. ಗೆದ್ದ ಹಾಡಿನ ಗೌರವಧನ ಮೂರು ಪಾಲಾಯಿತು. ಬೆರಿಯ ಹೆಸರೊಂದೇ ರಚನಕಾರನ ಸ್ಥಾನಕ್ಕೆ ಮರಳಿದ್ದು 1986ರಲ್ಲಿ. ಕೇಳಿಸಿದವನು ತಾನು ಕೇಳಿಸಿದ್ದಕ್ಕೆ ಕರ್ತೃತ್ವವನ್ನೇ ಶುಲ್ಕವಾಗಿ ಪಡೆದ ಪ್ರಕರಣವಿದು. ಮುಂದೆ ತಟ್ಟೆಗಳನ್ನು ಪ್ರಸಾರ ಮಾಡಲು ಲಂಚ ಪಡೆಯುವ 'ಪೇಯೋಲ' ಹಗರಣ ಬಯಲಿಗೆ ಬಂದು, 1962ರಲ್ಲಿ ಫ್ರೀಡ್ ತಪ್ಪೊಪ್ಪಿಕೊಂಡು ದಂಡ ತೆತ್ತ. 1965ರಲ್ಲಿ, ಇನ್ನೂ 43ರ ವಯಸ್ಸಿನಲ್ಲಿ, ತೀರಿಕೊಂಡ. ಅವನ ಚರಿತ್ರಕಾರರು ಅವನನ್ನು ಹುತಾತ್ಮನೆಂದೋ ಖಳನೆಂದೋ ಒಂದೇ ಬಣ್ಣದಲ್ಲಿ ಚಿತ್ರಿಸುವುದುಂಟು. ಮೂಲ ತಟ್ಟೆಗಾಗಿ ಹೋರಾಡಿದವನೂ ಮೂಲ ಕರ್ತೃವಿನ ಪಾಲಿಗೆ ಕೈಚಾಚಿದವನೂ ಒಬ್ಬನೇ ಆಗಿದ್ದನೆಂಬುದನ್ನು ಒಪ್ಪಿಕೊಂಡರೆ ಮಾತ್ರ ಮುಂದಿನ ಚರಿತ್ರೆ ಅರ್ಥವಾಗುತ್ತದೆ.

ಫ್ರೀಡ್ ಹೆಸರನ್ನು ಸೇರಿಸಿಕೊಂಡ ಕಾಲದಲ್ಲಿಯೇ ಜಮೈಕದಲ್ಲಿ ಹೆಸರನ್ನು ಕೆರೆದುಹಾಕುವ ಪದ್ಧತಿ ಬೆಳೆಯಿತು. ಕಿಂಗ್‌ಸ್ಟನ್ ನಗರದ ಬಡವರಿಗೆ ವಾದ್ಯಗೋಷ್ಠಿಯನ್ನು ಕರೆಸುವ ಶಕ್ತಿಯಿರಲಿಲ್ಲ. ಆಳೆತ್ತರದ ಧ್ವನಿಪೆಟ್ಟಿಗೆಗಳನ್ನು ಬಯಲಿನಲ್ಲಿ ಜೋಡಿಸಿ ಅಮೆರಿಕದ ರಿದಮ್ ಅಂಡ್ ಬ್ಲೂಸ್ ತಟ್ಟೆಗಳನ್ನು ಮೊಳಗಿಸುವ 'ಸೌಂಡ್ ಸಿಸ್ಟಮ್' ಅವರ ಪಾಲಿನ ಸಂಗೀತ ಸಭೆಯಾಯಿತು. ಅಮೆರಿಕದ ದಕ್ಷಿಣದ ಸೀಮೆಗಳಿಗೆ ಕಬ್ಬು ಕಡಿಯುವ ಕೂಲಿಗೆ ಹೋಗಿ ಮರಳುವಾಗ ತಟ್ಟೆಗಳನ್ನು ತಂದ ಕ್ಲೆಮೆಂಟ್ ಡಾಡ್, ಹಿಂದೆ ಪೊಲೀಸನಾಗಿದ್ದ ಡ್ಯೂಕ್ ರೀಡ್ ಇಂಥ ಸಭೆಗಳ ಪ್ರತಿಸ್ಪರ್ಧಿ ಒಡೆಯರು. ಎದುರಾಳಿಯಲ್ಲಿ ಇಲ್ಲದ ತಟ್ಟೆ ತನ್ನಲ್ಲಿರುವುದೇ ಅವರ ಬಂಡವಾಳವಾಗಿದ್ದುದರಿಂದ ತಟ್ಟೆ ಕೈಸೇರಿದ ಕೂಡಲೇ ಲೇಬಲ್ಲನ್ನು ಕೆರೆದುಹಾಕುತ್ತಿದ್ದರು. ವಿಲಿಸ್ ಜಾಕ್ಸನ್ ಎಂಬ ಸ್ಯಾಕ್ಸೊಫೋನ್ ವಾದಕನ 'ಲೇಟರ್ ಫಾರ್ ದಿ ಗೇಟರ್' ಎಂಬ ರಚನೆ ಡಾಡ್‌ನ ಸಭೆಯಲ್ಲಿ 'ಕಾಕ್ಸನ್ ಹಾಪ್' ಎಂಬ ಹೆಸರು ಪಡೆದು ಅವನ ಲಾಂಛನವೇ ಆಗಿಹೋಯಿತು. ವರ್ಷಗಳ ಬಳಿಕ ಅದರ ನಿಜನಾಮವನ್ನು ಪತ್ತೆಹಚ್ಚಿದ ರೀಡ್ ತನ್ನ ಸಭೆಯಲ್ಲಿ ಅದೇ ತಟ್ಟೆಯನ್ನು ಮೊಳಗಿಸಿದಾಗ ಡಾಡ್ ಕುಸಿದುಬಿದ್ದನೆಂಬ ಐತಿಹ್ಯ ಜಮೈಕದ ಸಂಗೀತಲೋಕದಲ್ಲಿ ಪ್ರಚಲಿತವಾಗಿದೆ. ಇಡೀ ಪ್ರಸಂಗದಲ್ಲಿ ವಿಲಿಸ್ ಜಾಕ್ಸನ್ ಮಾತ್ರ ಯಾರಿಗೂ ನೆನಪಾಗಲಿಲ್ಲ. ಸಾವಿರಾರು ಜನ ಕುಣಿದದ್ದು ಅವನ ಉಸಿರಿಗೆ, ಜಯಕಾರ ಸಂದದ್ದು ಪೆಟ್ಟಿಗೆಯ ಒಡೆಯನಿಗೆ.

ಹಾಗೆಂದು ಜಮೈಕದ ಈ ಮುಚ್ಚುಮರೆಯನ್ನು ಏಕಪಕ್ಷೀಯವಾಗಿ ಖಂಡಿಸುವುದೂ ಸಲ್ಲದು. ಐವತ್ತರ ದಶಕದ ಕೊನೆಗೆ ಅಮೆರಿಕದ ಅಭಿರುಚಿ ರಾಕ್ ಅಂಡ್ ರೋಲ್ ಕಡೆಗೆ ಹೊರಳಿ, ಕಿಂಗ್‌ಸ್ಟನ್ನಿನ ಜನ ಬಯಸುತ್ತಿದ್ದ ತೂಗುನಡೆಯ ತಟ್ಟೆಗಳ ಪೂರೈಕೆ ಬತ್ತತೊಡಗಿತು. ಆಗ ಡಾಡ್ ಮತ್ತು ರೀಡ್ ಸ್ಥಳೀಯ ವಾದಕರಿಂದಲೇ ಅಂಥ ಸಂಗೀತವನ್ನು ಮುದ್ರಿಸಿಕೊಳ್ಳತೊಡಗಿದರು. ಅದರಿಂದ ಸ್ಕಾ, ಅದರ ಬೆನ್ನಿಗೆ ರಾಕ್‌ಸ್ಟೆಡಿ ಮತ್ತು ರೆಗೆ ಮೂಡಿದವು. ಎರವಲು ತಟ್ಟೆಯ ಹೆಸರನ್ನು ಮುಚ್ಚಿದ ಸ್ಪರ್ಧೆಯೇ ಒಂದು ದೇಶದ ಸ್ವಂತ ಸಂಗೀತಕ್ಕೆ ಮೆಟ್ಟಿಲಾಯಿತು. ಬಡ ದೇಶದ ಕೇಳುಗ ಸಿರಿವಂತ ದೇಶದ ಸರಕನ್ನು ತನ್ನದಾಗಿಸಿಕೊಳ್ಳುವ ಬಗೆ ಹೀಗೂ ಇರುತ್ತದೆ. ಈ ಪದ್ಧತಿ ಅಲ್ಲಿಗೇ ನಿಲ್ಲದೆ ಅಮೆರಿಕಕ್ಕೇ ಮರಳಿತು. ಕಿಂಗ್‌ಸ್ಟನ್ನಿನಿಂದ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ವಲಸೆ ಬಂದ ಕೂಲ್ ಹರ್ಕ್ 1973ರ ಆಗಸ್ಟಿನಲ್ಲಿ ನಡೆಸಿದ ಕೂಟವನ್ನು ಹಿಪ್‌ಹಾಪ್ ಚರಿತ್ರೆಯ ಆದಿಬಿಂದುವೆಂದು ಗುರುತಿಸುವುದು ವಾಡಿಕೆ. ಜೇಮ್ಸ್ ಬ್ರೌನ್ ಮೊದಲಾದವರ ತಟ್ಟೆಗಳಲ್ಲಿ ಡೋಲು ಮಾತ್ರ ನುಡಿಯುವ ತುಣುಕುಗಳನ್ನು ಹಿಗ್ಗಿಸಿ ಕೇಳಿಸುತ್ತಿದ್ದ ಅವನೂ ತಟ್ಟೆಗಳನ್ನು ನೀರಿನಲ್ಲಿ ನೆನೆಸಿ ಲೇಬಲ್ಲುಗಳನ್ನು ಬಿಡಿಸುತ್ತಿದ್ದ.

ಉತ್ತರ ಇಂಗ್ಲೆಂಡಿನಲ್ಲಿ ಅರವತ್ತರ ದಶಕದ ಕೊನೆಯಿಂದ ಬೆಳೆದ 'ನಾರ್ದರ್ನ್ ಸೋಲ್' ಆಂದೋಲನ ಹಂಚಿಕೆಯ ಈ ಇಬ್ಬಗೆಯನ್ನು ಅತ್ಯಂತ ಸ್ಪಷ್ಟವಾಗಿ ತೋರುತ್ತದೆ. ಈ ಹೆಸರನ್ನು ಕೊಟ್ಟವನು ಡೇವ್ ಗೋಡಿನ್. ಬ್ರಿಟನ್ನಿನಲ್ಲಿ ಮೋಟೌನ್ ಸಂಗೀತದ ಅಭಿಮಾನಿ ಸಂಘವನ್ನು ಕಟ್ಟಿ, ಲಂಡನ್ನಿನಲ್ಲಿ ಸೋಲ್ ಸಿಟಿ ಎಂಬ ತಟ್ಟೆಯಂಗಡಿಯನ್ನು ನಡೆಸಿದ ಅವನು ಕಪ್ಪುಜನರ ಸಂಗೀತದ ಅಪರೂಪದ ಪ್ರತಿಪಾದಕ. ಫುಟ್‌ಬಾಲ್ ಪಂದ್ಯಕ್ಕೆಂದು ಲಂಡನ್ನಿಗೆ ಬರುವ ಉತ್ತರದ ಹುಡುಗರು ಅಂಗಡಿಯಲ್ಲಿ ಹೊಸ ಫಂಕ್ ತಟ್ಟೆಗಳನ್ನು ಮುಟ್ಟದೆ, ಅರವತ್ತರ ದಶಕದ ನಡುವಿನ ಮೋಟೌನ್ ಮಾದರಿಯ ಬಿರುಸುನಡೆಯ ತಟ್ಟೆಗಳನ್ನೇ ಕೇಳುತ್ತಿದ್ದುದನ್ನು ಅವನು ಗಮನಿಸಿದ. ಅಂಗಡಿಯ ಕೆಲಸದವರ ಅನುಕೂಲಕ್ಕೆ ಹುಟ್ಟಿದ ಈ ಗುರುತು 1970ರಲ್ಲಿ ಬ್ಲೂಸ್ ಅಂಡ್ ಸೋಲ್ ಪತ್ರಿಕೆಯ ಅವನ ಅಂಕಣದ ಮೂಲಕ ಆಂದೋಲನದ ಹೆಸರಾಯಿತು. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್, ಬ್ಲ್ಯಾಕ್‌ಪೂಲಿನ ಮೆಕ್ಕಾ, 1973ರ ಸೆಪ್ಟೆಂಬರಿನಲ್ಲಿ ಆರಂಭವಾಗಿ 1981ರ ಡಿಸೆಂಬರಿನಲ್ಲಿ ಮುಚ್ಚಿದ ವಿಗನ್ ಕ್ಯಾಸಿನೊ ಇದರ ಮುಖ್ಯ ನೆಲೆಗಳು. ಗಿರಣಿ ಕಾರ್ಖಾನೆಗಳ ಊರುಗಳ ದುಡಿಯುವ ವರ್ಗದ ಹುಡುಗ ಹುಡುಗಿಯರು ವಾರದ ಕೂಲಿಯನ್ನು ಖರ್ಚುಮಾಡಿ ಇಡೀ ರಾತ್ರಿ ಕುಣಿದು ಬೆಳಗ್ಗೆ ಎಂಟಕ್ಕೆ ಮನೆಗೆ ಮರಳುತ್ತಿದ್ದರು.

ಅವರಿಗೆ ಪ್ರಿಯವಾದ ಶೈಲಿಯಲ್ಲಿ ಅಮೆರಿಕ ಹಾಡುವುದನ್ನೇ ನಿಲ್ಲಿಸಿತ್ತು. ಹೊಸತು ಬರುವಂತಿಲ್ಲವಾದುದರಿಂದ ಹಳೆಯದರಲ್ಲಿಯೇ ಇನ್ನೂ ಕೇಳದಿದ್ದುದನ್ನು ಹುಡುಕಬೇಕಾಯಿತು. ಮೋಟೌನ್‌ನ ಯಶಸ್ಸನ್ನು ಅನುಕರಿಸಲು ಡೆಟ್ರಾಯಿಟ್, ಷಿಕಾಗೊ, ಲಾಸ್ ಏಂಜಲೀಸ್‌ಗಳ ಚಿಕ್ಕಪುಟ್ಟ ಕಂಪನಿಗಳು ಹೊರತಂದು ಸೋತ ತಟ್ಟೆಗಳು ಉಗ್ರಾಣಗಳಲ್ಲಿ ಧೂಳು ಹಿಡಿಯುತ್ತಿದ್ದವು. ಡಿಸ್ಕ್ ಜಾಕಿಗಳೂ ವ್ಯಾಪಾರಿಗಳೂ ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋಗಿ ಅವನ್ನು ಮೂಟೆಗಟ್ಟಲೆ ತಂದರು. ಸೋತ ತಟ್ಟೆ ವಿರಳವಾಗಿರುವುದು ಸಹಜ. ಹಾಗಾಗಿ ಈ ಆಂದೋಲನದಲ್ಲಿ ವಿರಳತೆ ಮತ್ತು ಗುಣ ಒಂದರೊಡನೊಂದು ಬೆರೆತುಹೋದವು. ಅಸಲಿ ತಟ್ಟೆಯನ್ನು ಬಿಟ್ಟು ಪ್ರತಿಯನ್ನು ಕೇಳಿಸುವುದು ಅಪಚಾರವೆನಿಸಿತು. ಜಮೈಕದಂತೆಯೇ ಇಲ್ಲಿಯೂ ತಟ್ಟೆಯ ಗುರುತನ್ನು ಕಾಯುವ ಸ್ಪರ್ಧೆ ಹುಟ್ಟಿ, ಲೇಬಲ್ಲಿನ ಮೇಲೆ ಬಿಳಿಯ ಕಾಗದ ಅಂಟಿಸಿ, ಇಲ್ಲದ ಗಾಯಕನ ಹೆಸರನ್ನೂ ಇಲ್ಲದ ಶೀರ್ಷಿಕೆಯನ್ನೂ ಘೋಷಿಸುವ 'ಕವರ್‌ಅಪ್' ಪದ್ಧತಿ ಬಂತು.

ಫ್ರಾಂಕ್ ವಿಲ್ಸನ್‌ನ ತಟ್ಟೆ ಇದರ ಅತಿ ಪ್ರಸಿದ್ಧ ನಿದರ್ಶನ. ಮೋಟೌನ್‌ನ ಉಪಸಂಸ್ಥೆಯಾದ ಸೋಲ್ ಲೇಬಲ್ಲಿಗಾಗಿ ಅವನು ಹಾಡಿದ 'ಡು ಐ ಲವ್ ಯು' 1965ರ ಕೊನೆಯಲ್ಲಿ ಬಿಡುಗಡೆಯಾಗಬೇಕಿತ್ತು. ಗಾಯಕನಾಗುವೆಯೋ ನಿರ್ಮಾಪಕನಾಗುವೆಯೋ ಎಂದು ಸಂಸ್ಥೆಯ ಒಡೆಯ ಬೆರಿ ಗಾರ್ಡಿ ಕೇಳಿದಾಗ ವಿಲ್ಸನ್ ನಿರ್ಮಾಪಕನ ಸ್ಥಾನವನ್ನು ಆರಿಸಿಕೊಂಡನೆಂದೂ, ಅಚ್ಚಾಗಿದ್ದ ಪ್ರಚಾರಪ್ರತಿಗಳನ್ನು ಆಗ ನಾಶಪಡಿಸಲಾಯಿತೆಂದೂ ಹೇಳಲಾಗುತ್ತದೆ. ಬೆರಳೆಣಿಕೆಯ ಪ್ರತಿಗಳು ಮಾತ್ರ ಉಳಿದವು. ಎಪ್ಪತ್ತರ ದಶಕದಲ್ಲಿ ಒಂದು ಪ್ರತಿ ಸಂಗ್ರಾಹಕರ ಕೈಸೇರಿ, 'ಎಡ್ಡಿ ಫಾಸ್ಟರ್' ಎಂಬ ಬೇರೊಂದು ಹೆಸರಿನಲ್ಲಿ ಅನಧಿಕೃತವಾಗಿ ಅಚ್ಚಾಗಿ ಉತ್ತರದ ನೃತ್ಯಾಂಗಣಗಳಲ್ಲಿ ಮೊಳಗಿತು. 1979ರಲ್ಲಿ ಬ್ರಿಟನ್ನಿನಲ್ಲಿ ನಿಜವಾದ ಹೆಸರಿನೊಡನೆ ಅಧಿಕೃತವಾಗಿ ಬಿಡುಗಡೆಯಾಯಿತು. 2009ರಲ್ಲಿ ಅದರ ಮೂಲಪ್ರತಿಯೊಂದು 25,742 ಪೌಂಡುಗಳಿಗೆ ಮಾರಾಟವಾಯಿತು.

ಈ ಬೆಲೆಯನ್ನು ಉಲ್ಲೇಖಿಸದ ಬರಹವಿಲ್ಲ, ಹಾಡನ್ನು ಕೇಳಿ ಬರೆದ ಬರಹ ವಿರಳ. ಬೆಲೆಯನ್ನು ಮರೆತು ಕೇಳಿದರೆ ಅಲ್ಲಿರುವುದು ನಾಲ್ಕೂ ಪೆಟ್ಟಿಗೆ ಸಮಾನ ಒತ್ತು ಕೊಟ್ಟು ಓಡುವ ಡೋಲು, ಅದರ ಮೇಲೆ ಹಿಮ್ಮೇಳದ ಸ್ತ್ರೀಕಂಠಗಳು, ಆ ಓಟವನ್ನು ಹಿಡಿಯಲು ತವಕಿಸುತ್ತ ಪದೇ ಪದೇ ಅದೇ ಪ್ರಶ್ನೆಗೆ ಅದೇ ಉತ್ತರ ಕೊಟ್ಟುಕೊಳ್ಳುವ ಧ್ವನಿ. ವಿಲ್ಸನ್ ಮೋಟೌನ್‌ನ ದೊಡ್ಡ ಗಾಯಕರ ಸಾಲಿಗೆ ಸೇರುವ ಕಂಠವುಳ್ಳವನಲ್ಲ. ಲೆವಿ ಸ್ಟಬ್ಸ್‌ನ ಬಿರುಸಾಗಲಿ ಡೇವಿಡ್ ರಫಿನ್‌ನ ಒರಟು ಆರ್ದ್ರತೆಯಾಗಲಿ ಅವನಲ್ಲಿಲ್ಲ. ಆದರೆ ಕಸುಬುದಾರಿಕೆಯ ನುಣುಪು ಇನ್ನೂ ಅಂಟದ ಆ ಧ್ವನಿಯ ಅರೆಬೆಂದ ಉತ್ಸಾಹವೇ ಕುಣಿಯುವವರಿಗೆ ಬೇಕಾಗಿತ್ತು. ಗೆದ್ದ ಗಾಯಕನ ಧ್ವನಿಯಲ್ಲಿ ದೊರೆಯದ ಸಮಾನತೆಯನ್ನು ಕಾರ್ಖಾನೆಯ ಹುಡುಗರು ಸೋತವನ ಧ್ವನಿಯಲ್ಲಿ ಕಂಡುಕೊಂಡರೆನ್ನಬಹುದು. ಇದು ಅಮೆರಿಕದ ವಿಮರ್ಶಕರು ಕಾಣದಿದ್ದ ಮೌಲ್ಯ. ಅಂಥದ್ದೊಂದು ಮೌಲ್ಯನಿರ್ಣಯ ಸುಳ್ಳು ಹೆಸರಿನ ಅಡಿಯಲ್ಲಿ ನಡೆಯಿತೆಂಬುದು ವಿಪರ್ಯಾಸ.

ಗ್ಲೋರಿಯಾ ಜೋನ್ಸ್‌ಳ 'ಟೇಂಟೆಡ್ ಲವ್' ಬೇರೊಂದು ಪಾಠವನ್ನು ಕೊಡುತ್ತದೆ. ಎಡ್ ಕಾಬ್ ರಚಿಸಿದ ಈ ಹಾಡು 1965ರಲ್ಲಿ ಚಾಂಪಿಯನ್ ಲೇಬಲ್ಲಿನ ತಟ್ಟೆಯೊಂದರ ಹಿಂಬದಿಯಲ್ಲಿ ಬಂದು ಹೇಳಹೆಸರಿಲ್ಲದೆ ಹೋಯಿತು. ಎಪ್ಪತ್ತರ ದಶಕದಲ್ಲಿ ಉತ್ತರದ ಡಿಸ್ಕ್ ಜಾಕಿಗಳು ತಟ್ಟೆಯನ್ನು ತಿರುವಿಹಾಕಿ ಈ ಬದಿಯನ್ನು ಕೇಳಿಸಿದರು. ಹಂಚಿಕೆಯ ವಿಮರ್ಶಾಶಕ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಂಪನಿ ಯಾವುದನ್ನು ಮುಂಬದಿ ಎಂದಿತೋ ಅದನ್ನು ಕೇಳುಗರು ತಿರಸ್ಕರಿಸಿದರು. ಆ ನೃತ್ಯಾಂಗಣಗಳ ನೆನಪಿನಿಂದ ಹಾಡನ್ನು ಎತ್ತಿಕೊಂಡ ಸಾಫ್ಟ್ ಸೆಲ್ ತಂಡ ಅದರ ನಡೆಯನ್ನು ನಿಧಾನಗೊಳಿಸಿ, ಹಿತ್ತಾಳೆ ವಾದ್ಯಗಳ ಜಾಗಕ್ಕೆ ಸಿಂಥಸೈಜರ್ ತಂದು 1981ರಲ್ಲಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಜೋನ್ಸ್‌ಳ ಹಾಡಿಕೆಯಲ್ಲಿದ್ದ ಸಿಟ್ಟು ಅಲ್ಲಿ ಸುಸ್ತಾಯಿತು, ಆದರೆ ಆ ಸುಸ್ತು ಕಾಲಕ್ಕೆ ಒಪ್ಪಿತು. ಮರುಹಾಡಿಕೆಯ ರಚನಾ ಗೌರವಧನ ಸಂದದ್ದು ಕಂಸದೊಳಗಿನ ಹೆಸರಿಗೆ, ಅಂದರೆ ಕಾಬ್‌ಗೆ. ಹಾಡಿಗೆ ಮೊದಲ ಬಾರಿ ಜೀವ ತುಂಬಿದ ಗಾಯಕಿಗೆ ಅದರಲ್ಲಿ ಪಾಲಿರಲಿಲ್ಲ. ಇಲ್ಲಿ ಲೇಬಲ್ಲನ್ನು ಯಾರೂ ಮುಚ್ಚಿರಲಿಲ್ಲವೆಂಬುದನ್ನು ಗಮನಿಸಬೇಕು. ಕಾನೂನೇ ಗಾಯನವನ್ನು ರಚನೆಗಿಂತ ಕೆಳಗಿರಿಸಿತ್ತು.

ಈ ಮಾತನ್ನು ಇನ್ನೂ ಮುಂದುವರಿಸಬೇಕಾಗಿದೆ. ಡಿಸ್ಕ್ ಜಾಕಿ ಮುಚ್ಚುವುದಕ್ಕೆ ಮೊದಲೇ ಲೇಬಲ್ಲು ಬಹಳಷ್ಟನ್ನು ಮುಚ್ಚಿಟ್ಟಿತ್ತು. ಮೋಟೌನ್‌ನ ನೂರಾರು ತಟ್ಟೆಗಳಲ್ಲಿ ನುಡಿಸಿದ 'ಫಂಕ್ ಬ್ರದರ್ಸ್' ವಾದ್ಯವೃಂದದವರ ಹೆಸರುಗಳು 1971ರಲ್ಲಿ ಮಾರ್ವಿನ್ ಗೇ ಹೊರತಂದ 'ವಾಟ್ಸ್ ಗೋಯಿಂಗ್ ಆನ್' ಸಂಪುಟದವರೆಗೆ ಅಚ್ಚಿನಲ್ಲಿ ಕಾಣಿಸಲಿಲ್ಲ. ಅವರಲ್ಲಿ ಪ್ರಮುಖನಾದ ಬಾಸ್ ಗಿಟಾರ್ ವಾದಕ ಜೇಮ್ಸ್ ಜೇಮರ್ಸನ್ ತನ್ನ ಕುರಿತ ಆಸಕ್ತಿ ಎಚ್ಚರಗೊಳ್ಳುವ ಮೊದಲೇ 1983ರಲ್ಲಿ ತೀರಿಕೊಂಡ. ಜೇಮ್ಸ್ ಬ್ರೌನ್‌ನ 'ಫಂಕಿ ಡ್ರಮ್ಮರ್' ತಟ್ಟೆಯಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ ಡೋಲಿನ ತುಣುಕನ್ನು ಹಿಪ್‌ಹಾಪ್ ಕಲಾವಿದರು ಲೆಕ್ಕವಿಲ್ಲದಷ್ಟು ಬಾರಿ ಬಳಸಿಕೊಂಡರು. ಹಾಡಿನ ಹೆಸರೇ ಆ ಡೋಲುಗಾರನ ಮೇಲಿದ್ದರೂ ರಚನಕಾರರ ಸಾಲಿನಲ್ಲಿ ಅವನಿಲ್ಲ, ಆದುದರಿಂದ ಗೌರವಧನವೂ ಇಲ್ಲ. ಕವರ್‌ಅಪ್ ಕಾಗದವನ್ನು ಕಿತ್ತರೆ ಸತ್ಯ ಸಿಕ್ಕಿಬಿಡುತ್ತದೆ ಎಂಬ ಸಂಗ್ರಾಹಕರ ನಂಬಿಕೆ ಅರ್ಧ ಮಾತ್ರ ನಿಜ. ಕಿತ್ತಾಗ ದೊರೆಯುವುದು ಕಂಪನಿ ಹೇಳಲು ಒಪ್ಪಿದ ಸತ್ಯ.

ನಾರ್ದರ್ನ್ ಸೋಲ್ ಕುರಿತು ಬಂದಿರುವ ಪುಸ್ತಕಗಳಲ್ಲಿ ಸ್ಮೃತಿಕಥನಗಳದೇ ಸಿಂಹಪಾಲು. ಕುಣಿದವನ ಯೌವನ ಅವುಗಳ ಕೇಂದ್ರ. ಹಾಡಿದವರು ಹಿನ್ನೆಲೆಯ ಧ್ವನಿಗಳಾಗಿಯೇ ಉಳಿಯುತ್ತಾರೆ. ವಿಗನ್ ಕ್ಯಾಸಿನೊದಲ್ಲಿ ಪ್ರತಿ ಇರುಳಿನ ಕೊನೆಗೆ ನಿಯಮದಂತೆ ಕೇಳಿಸುತ್ತಿದ್ದ ಮೂರು ತಟ್ಟೆಗಳಲ್ಲಿ ಒಂದು ಜಿಮ್ಮಿ ರ‍್ಯಾಡ್‌ಕ್ಲಿಫ್‌ನ 'ಲಾಂಗ್ ಆಫ್ಟರ್ ಟುನೈಟ್ ಈಸ್ ಆಲ್ ಓವರ್'. ರ‍್ಯಾಡ್‌ಕ್ಲಿಫ್ 1973ರ ಜುಲೈನಲ್ಲಿ, ಆ ನೃತ್ಯಾಂಗಣ ಬಾಗಿಲು ತೆರೆಯುವುದಕ್ಕೆ ಎರಡು ತಿಂಗಳು ಮೊದಲು, ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಎಂಟು ವರ್ಷ ಆ ಸಭಾಂಗಣದಲ್ಲಿ ಸಾವಿರಾರು ಜನ ಅವನ ಧ್ವನಿ ಕೇಳಿ ಮನೆಗೆ ಹೊರಟರು. ಈ ಒಂದು ಸಂಗತಿ ಹೇಳುವಷ್ಟನ್ನು ಕುಣಿತದ ಬೆವರನ್ನು ವರ್ಣಿಸುವ ಹತ್ತು ಅಧ್ಯಾಯಗಳು ಹೇಳಲಾರವು.

ಆಯ್ಕೆಯ ಮಿತಿಯೂ ಇಲ್ಲಿ ಚರ್ಚಿಸಬೇಕಾದ ವಿಷಯ. ನೃತ್ಯಾಂಗಣ ಕಾಲುಗಳಿಂದ ಆರಿಸುತ್ತದೆ. ವೇಗವಿಲ್ಲದ್ದು ಅಲ್ಲಿ ಬಾಳದು. ಸೋಲ್ ಸಂಗೀತದ ಬೇರು ಇರುವುದು ಕಪ್ಪುಜನರ ಚರ್ಚಿನ ಗಾಯನದಲ್ಲಿ. ವಿಲಂಬ ನಡೆಯಲ್ಲಿ ಒಂದು ಪದವನ್ನು ಹಿಡಿದು ಜಗ್ಗಿ ಬಿಡುವ, ಮಾತು ಸೋತಲ್ಲಿ ಉದ್ಗಾರಕ್ಕೆ ಹೊರಳುವ ಆ ಗಾಯನಕ್ರಮ ಬಿರುಸಿನ ತಟ್ಟೆಗಳಲ್ಲಿ ಅರಳಲು ಎಡೆಯೇ ಇಲ್ಲ. ಆಂದೋಲನಕ್ಕೆ ಹೆಸರಿಟ್ಟ ಗೋಡಿನ್‌ನೇ ಇದನ್ನು ಗ್ರಹಿಸಿದ್ದ. ಅವನು ಮೆಚ್ಚಿದ ವಿಲಂಬ ಗಾಯನಕ್ಕೆ 'ಡೀಪ್ ಸೋಲ್' ಎಂಬ ಹೆಸರು ಕೊಟ್ಟು, 1997ರಿಂದ ಕೆಂಟ್ ಲೇಬಲ್ಲಿನಲ್ಲಿ 'ಡೀಪ್ ಸೋಲ್ ಟ್ರೆಷರ್ಸ್' ಎಂಬ ಸಂಪುಟಗಳನ್ನು ಸಂಪಾದಿಸಿದ. ಅವನು 2004ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನಾಲ್ಕು ಸಂಪುಟಗಳು ಹೊರಬಂದಿದ್ದವು. ಹಂಚಿಕೆಯ ಚರಿತ್ರೆಯಲ್ಲಿ ಈ ಸಂಪುಟಗಳ ಸ್ಥಾನ ವಿಶಿಷ್ಟ. ವಿರಳತೆಯಾಗಲಿ ವೇಗವಾಗಲಿ ಇಲ್ಲಿ ಮಾನದಂಡವಲ್ಲ. ಪ್ರತಿ ಹಾಡಿಗೂ ಗಾಯಕರ, ರಚನಕಾರರ ಹೆಸರುಗಳೂ ಟಿಪ್ಪಣಿಯೂ ಇವೆ, ಹಕ್ಕುದಾರರ ಪರವಾನಗಿಯೂ ಇದೆ. ಗೋಡಿನ್‌ನ ಟಿಪ್ಪಣಿಗಳ ಭಾಷೆ ಕೆಲವೆಡೆ ಭಕ್ತನ ಭಾಷೆಯಾಗಿ ಉಬ್ಬುತ್ತದೆಂಬುದು ನಿಜ. ಆದರೂ ಅಂಕಣಕಾರನೂ ಅಂಗಡಿಕಾರನೂ ಆಗಿದ್ದವನೊಬ್ಬ ಸಂಪಾದಕನಾಗಿ ಬೆಳೆದ ಬಗೆ ಅಲ್ಲಿ ಕಾಣುತ್ತದೆ.

ಕೆಂಟ್ ಲೇಬಲ್ಲು ಹುಟ್ಟಿದ್ದು 1982ರಲ್ಲಿ, ಲಂಡನ್ನಿನ ಏಸ್ ರೆಕಾರ್ಡ್ಸ್ ಸಂಸ್ಥೆಯ ಶಾಖೆಯಾಗಿ. ಸೋಲ್ ನೃತ್ಯಕೂಟಗಳನ್ನು ನಡೆಸುತ್ತಿದ್ದ ಏಡಿ ಕ್ರೋಸ್‌ಡೆಲ್ ಅದರ ಸಂಕಲನಕಾರ. ಅನಧಿಕೃತ ಅಚ್ಚುಗಳು ತುಂಬಿದ್ದ ಕ್ಷೇತ್ರದಲ್ಲಿ ಕಂಪನಿಗಳಿಂದ ಪರವಾನಗಿ ಪಡೆದು, ಉಗ್ರಾಣಗಳ ಮೂಲ ಟೇಪುಗಳನ್ನು ಹುಡುಕಿ, ಗಾಯಕರ ಜೀವನವನ್ನು ವಿಚಾರಿಸಿ ಬರೆಯುವ ಕ್ರಮ ಇದರಿಂದ ಬೇರೂರಿತು. ಹಿಂದೆ ಬಿಳಿಯ ಕಾಗದ ಮುಚ್ಚಿದ್ದನ್ನು ಸಂಪುಟದ ಟಿಪ್ಪಣಿ ತೆರೆಯತೊಡಗಿತು.

ಅಮೆರಿಕದಲ್ಲಿ ಇದೇ ಕಾಲಕ್ಕೆ ಸಂಗ್ರಾಹಕನೊಬ್ಬನ ಪ್ರೀತಿ ಇನ್ನೂ ದೊಡ್ಡ ಫಲ ಕೊಟ್ಟಿತು. 1949ರಲ್ಲಿ ಅಟ್ಲಾಂಟಿಕ್ ಸಂಸ್ಥೆಯನ್ನು ಸೇರಿದ ರೂತ್ ಬ್ರೌನ್‌ಳ ತಟ್ಟೆಗಳು ಐವತ್ತರ ದಶಕದಲ್ಲಿ ಎಷ್ಟು ಮಾರಾಟವಾದುವೆಂದರೆ, ಆ ಸಂಸ್ಥೆಯನ್ನು ರೂತ್ ಕಟ್ಟಿದ ಮನೆ ಎಂದೇ ಜನ ಕರೆಯುತ್ತಿದ್ದರು. ಆ ಮನೆಯನ್ನು ಬಿಟ್ಟ ಮೇಲೆ ಆಕೆ ಮನೆಗೆಲಸ ಮಾಡಿ, ಶಾಲಾ ಬಸ್ಸು ಓಡಿಸಿ ಮಕ್ಕಳನ್ನು ಸಾಕಿದಳು. ವಾಷಿಂಗ್ಟನ್ನಿನ ವಕೀಲ ಹೋವೆಲ್ ಬೆಗಲ್ ಅವಳ ಅಭಿಮಾನಿ. ಎಂಬತ್ತರ ದಶಕದಲ್ಲಿ ತಾನು ಹಣ ಕೊಟ್ಟು ಕೊಂಡಿದ್ದ ಹಳೆಯ ತಟ್ಟೆಗಳಿಗೆ ಹಸ್ತಾಕ್ಷರ ಕೇಳಲು ಹೋದಾಗ, ಅವುಗಳಿಂದ ಆಕೆಗೆ ಗೌರವಧನವೇ ಬರುತ್ತಿಲ್ಲವೆಂದು ಅವನಿಗೆ ತಿಳಿಯಿತು. ಧ್ವನಿಮುದ್ರಣದ ವೆಚ್ಚವನ್ನು ಗಾಯಕರ ಖಾತೆಗೇ ಸಾಲವೆಂದು ಬರೆದುಕೊಳ್ಳುವ ಲೆಕ್ಕಪದ್ಧತಿಯ ವಿರುದ್ಧ ಇಬ್ಬರೂ ನಡೆಸಿದ ಹೋರಾಟದ ಫಲವಾಗಿ 1988ರಲ್ಲಿ ಅಟ್ಲಾಂಟಿಕ್ ಹಳೆಯ ಕಲಾವಿದರ ಸಾಲವನ್ನು ಮನ್ನಾ ಮಾಡಿ ಹಿಂಬಾಕಿ ಕೊಡಲು ಒಪ್ಪಿತು. ಅದೇ ವರ್ಷ ಆ ಸಂಸ್ಥೆಯ 15 ಲಕ್ಷ ಡಾಲರುಗಳ ಕೊಡುಗೆಯಿಂದ, ವೃದ್ಧ ಗಾಯಕರ ನೆರವಿಗಾಗಿ ರಿದಮ್ ಅಂಡ್ ಬ್ಲೂಸ್ ಫೌಂಡೇಷನ್ ಆರಂಭವಾಯಿತು. ತಟ್ಟೆಯ ಮೇಲಿನ ಹೆಸರನ್ನು ಒಬ್ಬ ಅಭಿಮಾನಿ ಮನುಷ್ಯಳ ಹೆಸರಾಗಿ ಓದಿದ್ದರಿಂದ ಇಷ್ಟಾಯಿತು.

ಇಷ್ಟಾದರೂ ಬಚ್ಚಿಟ್ಟ ಸಂಗ್ರಾಹಕನನ್ನು ಚರಿತ್ರೆಯಿಂದ ಹೊರಗಿಡುವಂತಿಲ್ಲ. 1978ರಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚಿನಲ್ಲಿದ್ದ ಅಟ್ಲಾಂಟಿಕ್‌ನ ಉಗ್ರಾಣ ಸುಟ್ಟುಹೋಗಿ ಅನೇಕ ಮೂಲ ಟೇಪುಗಳು ನಾಶವಾದವು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಎದ್ದ ಬೆಂಕಿಯಲ್ಲಿ ಚೆಸ್ ಸಂಸ್ಥೆಯವೂ ಸೇರಿದಂತೆ ಅಪಾರ ಮೂಲಮುದ್ರಣಗಳು ನಷ್ಟವಾದುವೆಂಬ ವರದಿ 2019ರಲ್ಲಿ ಪ್ರಕಟವಾಯಿತು. ನಷ್ಟದ ಪ್ರಮಾಣವನ್ನು ಕುರಿತು ಸಂಸ್ಥೆ ತಕರಾರೆತ್ತಿದೆ. ಮೂಲ ಟೇಪು ಅಳಿದ ಮೇಲೆ ಹಾಡಿಗೆ ಉಳಿಯುವ ಆಕರವೆಂದರೆ ಅಚ್ಚಾದ ತಟ್ಟೆಯೇ. ಸ್ಪರ್ಧೆಗಾಗಿಯೋ ಹೆಮ್ಮೆಗಾಗಿಯೋ ಯಾರೋ ಕಪಾಟಿನಲ್ಲಿ ಮುಚ್ಚಿಟ್ಟ ಪ್ರತಿ ಆಗ ಸಾರ್ವಜನಿಕ ದಾಖಲೆಯ ಕೆಲಸ ಮಾಡಬೇಕಾಗುತ್ತದೆ.

ಕಾನೂನಿನ ಸ್ಥಿತಿಯೂ ಸರಳವಾಗಿಲ್ಲ. ಅಮೆರಿಕದಲ್ಲಿ 1972ರ ಫೆಬ್ರವರಿಗೆ ಮೊದಲಿನ ಧ್ವನಿಮುದ್ರಣಗಳು ಬಹುಕಾಲ ಒಕ್ಕೂಟದ ಕೃತಿಸ್ವಾಮ್ಯ ಕಾನೂನಿನ ಹೊರಗೇ ಇದ್ದವು. ಅಂದರೆ ಐವತ್ತು ಅರವತ್ತರ ದಶಕಗಳ ಇಡೀ ಪರಂಪರೆ ಬಿಡಿ ರಾಜ್ಯಗಳ ಕಾನೂನುಗಳ ಆಶ್ರಯದಲ್ಲಿತ್ತು. 2018ರ ಅಕ್ಟೋಬರಿನಲ್ಲಿ ಅಂಗೀಕೃತವಾದ ಮ್ಯೂಸಿಕ್ ಮಾಡರ್ನೈಸೇಷನ್ ಕಾಯಿದೆ ಅವನ್ನು ಒಳಗೆ ತಂದಿತು. ಅದರಂತೆ 1957ರಿಂದ 1972ರ ಫೆಬ್ರವರಿಯವರೆಗಿನ ಮುದ್ರಣಗಳ ರಕ್ಷಣೆ 2067ರ ಫೆಬ್ರವರಿಯವರೆಗೆ ಮುಂದುವರಿಯುತ್ತದೆ. ಬ್ರಿಟನ್ನಿನಲ್ಲಿ 2013ರಲ್ಲಿ ಅವಧಿಯನ್ನು ಐವತ್ತರಿಂದ ಎಪ್ಪತ್ತು ವರ್ಷಕ್ಕೆ ಏರಿಸುವ ಮೊದಲೇ ಐವತ್ತು ತುಂಬಿದ್ದ ಮುದ್ರಣಗಳು ಸಾರ್ವಜನಿಕ ಸ್ವತ್ತಾಗಿದ್ದವು. ಇದರ ಫಲವಾಗಿ ಚಕ್ ಬೆರಿಯ 1955ರ ಮುದ್ರಣವನ್ನು ಅಲ್ಲಿ ಯಾರು ಬೇಕಾದರೂ ತಟ್ಟೆಯಾಗಿ ಅಚ್ಚುಹಾಕಬಹುದು, ಆದರೆ ರಚನೆಯ ಗೌರವಧನವನ್ನು ಮಾತ್ರ ತೆರಲೇಬೇಕು. ವಿಲ್ಸನ್‌ನ 1965ರ ಮುದ್ರಣಕ್ಕೆ ಅಲ್ಲಿಯೂ ಆ ಸ್ವಾತಂತ್ರ್ಯವಿಲ್ಲ. ಮುಕ್ತವಾದ ಹಳೆಯ ಮುದ್ರಣಗಳನ್ನು ಅಗ್ಗದ ಸಂಕಲನಗಳಾಗಿ ಸುರಿಯುವ ಕಂಪನಿಗಳು ಯುರೋಪಿನಲ್ಲಿ ಹೇರಳವಾಗಿವೆ. ಅವುಗಳ ಹಲವು ಸಂಪುಟಗಳಲ್ಲಿ ಗಾಯಕರ ಹೆಸರು ಮತ್ತು ಶೀರ್ಷಿಕೆಯ ಹೊರತು ಬೇರೇನೂ ಇರುವುದಿಲ್ಲ. ನುಡಿಸಿದವರಾರು, ಯಾವ ಊರಿನಲ್ಲಿ, ಯಾವ ದಿನ, ಮೂಲ ತಟ್ಟೆಯ ಸಂಖ್ಯೆ ಯಾವುದು ಎಂಬ ವಿವರಗಳಿಗೆ ಗ್ರಂಥಾಲಯಗಳು ಈಗಲೂ ಕೆಂಟ್‌ನಂಥ ಸಂಪುಟಗಳ ಟಿಪ್ಪಣಿಗಳನ್ನೂ, ಸಂಗ್ರಾಹಕರು ನುಣುಪು ಪಟ್ಟಿಯಿಂದ ಓದಿ ಬರೆದಿಟ್ಟ ಪಟ್ಟಿಗಳನ್ನೂ ಅವಲಂಬಿಸಬೇಕಾಗಿದೆ.